ಎರಡು ತೂಕದ ಕಲ್ಲು: ತಪ್ಪಾಗಿ ಅಚ್ಚಾದ ಕಾರ್ಡಿನ ಬೆಲೆ ಯಾರದು?



ಇವತ್ತು ನಾವು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಧ್ಯಾನ ಮಾಡೋಣ. ಒಂದು ವಸ್ತುವಿನ ನಿಜವಾದ ಬೆಲೆ ನನಗೆ ಗೊತ್ತು, ಎದುರಿಗೆ ಕೂತಿರುವವರಿಗೆ ಗೊತ್ತಿಲ್ಲ. ಆಗ ನಾನು ಬಾಯಿ ಬಿಟ್ಟು ಹೇಳಬೇಕಾ, ಸುಮ್ಮನಿದ್ದು ಲಾಭ ಮಾಡಿಕೊಳ್ಳಬಹುದಾ? ಹಳೇ ಫೋನು, ಬೈಕು, ಶೂ, ಗಿಟಾರು ಇವನ್ನೆಲ್ಲ ಆನ್‌ಲೈನಲ್ಲಿ ಕೊಂಡವರು, ಮಾರಿದವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ. ಹಾಗಾಗಿ ಇದು ನಿಮ್ಮದೇ ಪ್ರಶ್ನೆ.

ಆದರೆ ಉದಾಹರಣೆಯನ್ನು ನಾನು ದೂರದಿಂದ ತರ್ತೀನಿ. ನಾತಾನ ಪ್ರವಾದಿ ದಾವೀದನ ಹತ್ತಿರ ಬಂದಾಗ ನೇರವಾಗಿ ದಾವೀದನ ಕಥೆ ಹೇಳಲಿಲ್ಲ, ಯಾರದೋ ಕುರಿಮರಿಯ ಕಥೆ ಹೇಳಿದ. ಯಾಕೆ? ಬೇರೆಯವರ ವಿಷಯದಲ್ಲಿ ನಾವು ನ್ಯಾಯವಾಗಿ ತೀರ್ಪು ಕೊಡ್ತೀವಿ. ನಮ್ಮ ವಿಷಯ ಬಂದ ತಕ್ಷಣ ಮನಸ್ಸು ನಮ್ಮ ಪರ ವಕೀಲನಾಗಿಬಿಡುತ್ತೆ. ಅದಕ್ಕೇ ಇವತ್ತು ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ವ್ಯಾಪಾರವನ್ನು ನೋಡೋಣ. ಅದರಲ್ಲೂ ತಪ್ಪಾಗಿ ಅಚ್ಚಾದ ಕಾರ್ಡು, ಅಂದ್ರೆ ಎರರ್ ಕಾರ್ಡ್. ಜೊತೆಗೆ ಪ್ರೂಫ್ ಕಾರ್ಡ್.

ತಪ್ಪಿಗೆ ಬೆಲೆ ಬರೋದು ಹೇಗೆ?

ಬಬಲ್‌ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರ್ತಿತ್ತು, ನೆನಪಿದೆಯಾ? ನಿಮ್ಮ ಅಣ್ಣಂದಿರನ್ನು ಕೇಳಿ, ಅವರಿಗೆ ನೆನಪಿರುತ್ತೆ. ಅಮೆರಿಕದಲ್ಲಿ ಆ ಅಭ್ಯಾಸ ನೂರು ವರ್ಷಕ್ಕಿಂತ ಹಳೆಯದು. 1909ರಿಂದ 1911ರವರೆಗೆ ಅಲ್ಲಿನ ತಂಬಾಕು ಕಂಪನಿ ಸಿಗರೇಟು ಪ್ಯಾಕಿನಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಸಣ್ಣ ಕಾರ್ಡು ಹಾಕಿ ಕೊಡ್ತಿತ್ತು. ಸಂಗ್ರಹಕಾರರು ಆ ಸರಣಿಯನ್ನು ಟಿ206 ಅಂತ ಕರೀತಾರೆ. ಅದರಲ್ಲಿ ಷೆರಿ ಮ್ಯಾಗಿ ಅನ್ನೋ ಆಟಗಾರನ ಹೆಸರಿನಲ್ಲಿ ಇಂಗ್ಲಿಷಿನ ‘ಇ’ ಬರಬೇಕಾದ ಕಡೆ ‘ಐ’ ಅಕ್ಷರ ಅಚ್ಚಾಯಿತು. ಆಮೇಲೆ ತಿದ್ದಿದರು. ಒಂದೇ ಒಂದು ಅಕ್ಷರ! ಆದರೆ ತಿದ್ದುವ ಮೊದಲು ಹೊರಗೆ ಹೋದ ಕಾರ್ಡು ಇವತ್ತು ಸಂಗ್ರಹಕಾರರ ಪಾಲಿಗೆ ದೊಡ್ಡ ನಿಧಿ, ತಿದ್ದಿದ ಕಾರ್ಡಿಗಿಂತ ಎಷ್ಟೋ ಪಟ್ಟು ದುಬಾರಿ.

ಇನ್ನೊಂದು ನೋಡಿ. 1990ರಲ್ಲಿ ಟಾಪ್ಸ್ ಕಂಪನಿ ಫ್ರಾಂಕ್ ಥಾಮಸ್ ಅನ್ನೋ ಹೊಸ ಆಟಗಾರನ ಕಾರ್ಡು ಮಾಡಿತು. ಅಚ್ಚಿನ ಹಾಳೆಯ ಒಂದು ಭಾಗದಲ್ಲಿ ಕಪ್ಪು ಶಾಯಿ ಬೀಳಲಿಲ್ಲ. ಹಾಗಾಗಿ ಕೆಲವು ಕಾರ್ಡುಗಳಲ್ಲಿ ಮುಂಭಾಗದಲ್ಲಿ ಅವನ ಹೆಸರೇ ಇಲ್ಲ. ಹೆಸರಿರುವ ಕಾರ್ಡು ಬೇಕಾದಷ್ಟಿದೆ, ಬೆಲೆ ತೀರಾ ಕಡಿಮೆ. ಹೆಸರಿಲ್ಲದ್ದು ಸಾವಿರಾರು ಡಾಲರ್‌ಗೆ ಹೋಗುತ್ತೆ. ಆ ಆಟಗಾರ ಮುಂದೆ 2014ರಲ್ಲಿ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದ್ದೂ ಬೆಲೆಗೆ ಒಂದು ಕಾರಣ.

ಹಾಗಾದ್ರೆ ತಪ್ಪಿದ್ದರೆ ಸಾಕು, ಬೆಲೆ ಬರುತ್ತೆ ಅಂತೀರಾ? ಇಲ್ಲ. 1957ರ ಟಾಪ್ಸ್ ಕಾರ್ಡಿನಲ್ಲಿ ಮಹಾನ್ ಆಟಗಾರ ಹ್ಯಾಂಕ್ ಆರನ್ ಫೋಟೋ ತಿರುವುಮುರುವಾಗಿ ಅಚ್ಚಾಯಿತು. ಬಲಗೈ ಬ್ಯಾಟುಗಾರ ಎಡಗೈಯವನ ಹಾಗೆ ಕಾಣ್ತಾನೆ. 1969ರಲ್ಲಿ ಔರೇಲಿಯೊ ರೊಡ್ರಿಗೆಜ್ ಹೆಸರಿನ ಕಾರ್ಡಿಗೆ ಅವನ ಫೋಟೋನೇ ಹಾಕಲಿಲ್ಲ, ತಂಡದ ಬ್ಯಾಟು ಎತ್ತಿಕೊಡುವ ಹುಡುಗನ ಫೋಟೋ ಹಾಕಿಬಿಟ್ಟರು! ಇಷ್ಟು ದೊಡ್ಡ ತಪ್ಪು. ಆದರೆ ಆ ತಪ್ಪಿನ ಕಾರಣಕ್ಕೆ ಈ ಎರಡು ಕಾರ್ಡುಗಳಿಗೂ ಹೆಚ್ಚುವರಿ ಬೆಲೆ ಬರಲಿಲ್ಲ. ಯಾಕೆ? ಕಂಪನಿ ತಿದ್ದಲೇ ಇಲ್ಲ. ಅಚ್ಚಾದ ಎಲ್ಲಾ ಕಾರ್ಡಿನಲ್ಲೂ ಅದೇ ತಪ್ಪು ಇದೆ. ಎಲ್ಲರ ಹತ್ತಿರ ಇರುವುದು ಅಪರೂಪ ಆಗೋದು ಹೇಗೆ?

ಪ್ರೂಫ್ ಕಾರ್ಡಿನ ಕಥೆ ಬೇರೆ. ಅದು ಮಾರುವುದಕ್ಕೆ ಮಾಡಿದ್ದೇ ಅಲ್ಲ. ಬಣ್ಣ ಸರಿ ಇದೆಯಾ, ಅಕ್ಷರ ಸರಿ ಇದೆಯಾ ಅಂತ ನೋಡೋದಕ್ಕೆ ಪ್ರೆಸ್ಸಿನಲ್ಲಿ ತೆಗೆಯುವ ಕರಡು ಪ್ರತಿ. ನಮ್ಮ ಮದುವೆ ಆಮಂತ್ರಣದ ಪ್ರೂಫ್ ನೋಡ್ತೀವಲ್ಲ, ಹಾಗೆ. 1977ರ ಸರಣಿಯಲ್ಲಿ ರೆಗ್ಗಿ ಜಾಕ್ಸನ್ ಕಾರ್ಡನ್ನು ಮೊದಲು ಬಾಲ್ಟಿಮೋರ್ ಓರಿಯೋಲ್ಸ್ ಉಡುಪಿನಲ್ಲಿ ತಯಾರು ಮಾಡಿದ್ದರು. ಅಷ್ಟರಲ್ಲಿ ಅವನು ನ್ಯೂಯಾರ್ಕ್ ಯಾಂಕೀಸ್ ಸೇರಿದ. ಅಂಗಡಿಗೆ ಬಂದದ್ದು ಯಾಂಕೀಸ್ ಉಡುಪಿನ ಕಾರ್ಡು. ಓರಿಯೋಲ್ಸ್ ಉಡುಪಿನದ್ದು ಕೆಲವೇ ಪ್ರೂಫ್‌ಗಳಾಗಿ ಉಳಿಯಿತು. ಇವತ್ತು ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ.

ಈಗ ಗಮನ ಕೊಡಿ. ಎರರ್ ಕಾರ್ಡಿಗೆ, ಪ್ರೂಫ್ ಕಾರ್ಡಿಗೆ ಬೆಲೆ ಕಟ್ಟುವವರು ಏನು ನೋಡ್ತಾರೆ? ತಪ್ಪನ್ನು ತಿದ್ದಿದ್ದಾರಾ? ತಿದ್ದುವ ಮೊದಲು ಎಷ್ಟು ಹೊರಗೆ ಹೋಯಿತು? ಆ ಆಟಗಾರ ಯಾರಿಗೆ ಬೇಕು? ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ? ಎಲ್ಲಿಂದ ಬಂತು? ಇವೆಲ್ಲವೂ ಮಾಹಿತಿ. ಅಕ್ಕಿ ವ್ಯಾಪಾರಿ ಸುಳ್ಳು ಹೇಳಿದರೂ ಮನೆಗೆ ಒಂದಷ್ಟು ಅಕ್ಕಿ ಬರುತ್ತೆ, ಅನ್ನ ಆಗುತ್ತೆ. ಇಲ್ಲಿ ಹೇಳಿದ ಮಾತು ಸುಳ್ಳಾದರೆ ಕೈಯಲ್ಲಿ ಉಳಿಯೋದು ಒಂದು ಚೂರು ರಟ್ಟು. ಈ ವ್ಯಾಪಾರದಲ್ಲಿ ಸತ್ಯವೇ ಸರಕು.

ಮಾರುವವನ ಪರೀಕ್ಷೆ

ಮೊದಲು ಮಾರುವವನನ್ನು ನೋಡೋಣ. 1989ರಲ್ಲಿ ಫ್ಲೀರ್ ಕಂಪನಿಯ ಕಾರ್ಡೊಂದರಲ್ಲಿ ಬಿಲ್ಲಿ ರಿಪ್ಕೆನ್ ಬ್ಯಾಟು ಹಿಡಿದು ನಿಂತಿದ್ದ. ಬ್ಯಾಟಿನ ಹಿಡಿಯ ತುದಿಯಲ್ಲಿ ಎರಡು ಶಬ್ದದ ಒಂದು ಬೈಗುಳ ಬರೆದಿತ್ತು. ಸಭೆಯಲ್ಲಿ ಹೇಳೋ ಹಾಗಿಲ್ಲ, ಮನೆಗೆ ಹೋಗಿ ಹುಡುಕಲೂಬೇಡಿ! ಯಾರೂ ನೋಡದೆ ಅಚ್ಚಾಗಿ ಹೋಯಿತು. ಸುದ್ದಿ ಹಬ್ಬಿದ ಮೇಲೆ ಕಂಪನಿ ಗಾಬರಿಯಿಂದ ತಿದ್ದತೊಡಗಿತು. ಒಂದರಲ್ಲಿ ಕಪ್ಪು ಚೌಕ, ಒಂದರಲ್ಲಿ ಗೀಚು, ಒಂದರಲ್ಲಿ ಬಿಳಿ ಬಣ್ಣ. ಜನ ಮುಗಿಬಿದ್ದರು. ಆ ದಿನಗಳಲ್ಲಿ ಒಂದು ಕಾರ್ಡಿಗೆ ನೂರು ಡಾಲರ್ ದಾಟಿ ಕೊಟ್ಟವರಿದ್ದಾರೆ. ಆಮೇಲೆ ಏನಾಯ್ತು? ಬೈಗುಳ ಇರುವ ಕಾರ್ಡೇ ಬೇಕಾದಷ್ಟು ಹೊರಗೆ ಬಂದಿದೆ ಅಂತ ಗೊತ್ತಾಯ್ತು, ಬೆಲೆ ಇಳಿಯಿತು. ಬಿಳಿ ಬಣ್ಣ ಬಳಿದದ್ದೇ ನಿಜವಾಗಿ ಅಪರೂಪ. ಸುಮಾರು ಇಪ್ಪತ್ತು ವರ್ಷದ ನಂತರ, 2008ರಲ್ಲಿ, ರಿಪ್ಕೆನ್ ತಾನೇ ಅದನ್ನು ಬರೆದದ್ದು, ಅಭ್ಯಾಸದ ಬ್ಯಾಟು ಸುಲಭವಾಗಿ ಗುರುತು ಸಿಗಲಿ ಅಂತ ಬರೆದದ್ದು ಅಂತ ಹೇಳಿದ.

ಇಲ್ಲಿ ಮಾರುವವನಿಗೆ ಶೋಧನೆ ಎಲ್ಲಿದೆ ನೋಡಿ. ಪ್ರತಿ ಅಚ್ಚಿನಲ್ಲೂ ಒಂದೆರಡು ಶಾಯಿ ಚುಕ್ಕೆ ಬೀಳುತ್ತೆ, ಅಂಚು ಓರೆಯಾಗಿ ಕತ್ತರಿಸಿ ಹೋಗುತ್ತೆ. ಅದು ಬರೀ ಅಚ್ಚಿನ ದೋಷ. ಅದನ್ನೇ ಫೋಟೋ ತೆಗೆದು ‘ಅತಿ ಅಪರೂಪದ ಎರರ್’ ಅಂತ ಹಾಕಿ ಐದು ಸಾವಿರ ಡಾಲರ್ ಕೇಳುವವರಿದ್ದಾರೆ. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ತಿಳಿದವರು ಮಾರಾಟವಾದ ಬೆಲೆಯನ್ನು ಮಾತ್ರ ನೋಡ್ತಾರೆ. ತಿಳಿಯದವರು ಕೇಳಿದ ಬೆಲೆ ನೋಡಿ ಮೋಸ ಹೋಗ್ತಾರೆ. ಕಾರ್ಡನ್ನು ಬಿಸಿಲಿಗಿಟ್ಟರೆ ಕೆಲವು ಬಣ್ಣ ಮಾಸಿಹೋಗುತ್ತೆ. ‘ಬಣ್ಣ ಬಿಟ್ಟುಹೋದ ಎರರ್’ ಅಂತ ಅದನ್ನು ಮಾರಬಹುದು. ಪ್ರೆಸ್ಸಿನ ಕಸದ ಡಬ್ಬಿಯಿಂದ ಬಂದ ಹಾಳು ಹಾಳೆಯನ್ನು ‘ಪ್ರೂಫ್’ ಅಂತ ಹೆಸರಿಟ್ಟು ಮಾರಬಹುದು. ಪ್ರೂಫ್ ಮಾರುಕಟ್ಟೆಗೆ ಅಂತ ಮಾಡಿದ್ದಲ್ಲ ಅಂದ್ಮೇಲೆ ಪ್ರೆಸ್ಸಿನಿಂದ ಹೊರಗೆ ಬಂದದ್ದು ಯಾರ ಅನುಮತಿಯಿಂದ ಅನ್ನೋ ಪ್ರಶ್ನೆನೂ ಇದೆ. ಕಂಪನಿಯೇ ಮಾರಿದ್ದಾ, ಯಾರಾದರೂ ಜೇಬಿನಲ್ಲಿ ಇಟ್ಟುಕೊಂಡು ಬಂದದ್ದಾ? ನೆಟ್ಟಗೆ ಮಾರುವವನು ಇದನ್ನೂ ಹೇಳ್ತಾನೆ.

ದೊಡ್ಡವರ ಕಥೆಯೂ ಇದೆ. ಟಿ206 ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡು ಜಗತ್ತಿನಲ್ಲೇ ಪ್ರಸಿದ್ಧ. ಅದು ಎರರ್ ಕಾರ್ಡಲ್ಲ, ಆದರೆ ತುಂಬಾ ಅಪರೂಪ. ಅದರ ಒಂದು ಪ್ರತಿ ಅಂಚು ಹರಿತ, ಮೂಲೆ ಚೊಕ್ಕ ಅನ್ನೋ ಕಾರಣಕ್ಕೆ 2007ರಲ್ಲಿ 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಬಿಲ್ ಮಾಸ್ಟ್ರೋ ಅನ್ನೋ ಹೆಸರುವಾಸಿ ಹರಾಜುಗಾರ ತನ್ನ ಹರಾಜುಗಳಲ್ಲಿ ಸುಳ್ಳು ಬಿಡ್ ಹಾಕಿಸಿದ ವಂಚನೆ ಪ್ರಕರಣದಲ್ಲಿ ಸಿಕ್ಕಿಬಿದ್ದ. 2013ರಲ್ಲಿ ತಪ್ಪೊಪ್ಪಿಕೊಳ್ಳುವಾಗ, ಈ ವ್ಯಾಗ್ನರ್ ಕಾರ್ಡಿನ ಅಂಚನ್ನು ಹಿಂದೆ ತಾನೇ ಕತ್ತರಿಸಿದ್ದೆ ಅಂತಾನೂ ಒಪ್ಪಿಕೊಂಡ. 2015ರಲ್ಲಿ ಅವನಿಗೆ 20 ತಿಂಗಳ ಜೈಲು ಶಿಕ್ಷೆಯಾಯಿತು. ಕತ್ತರಿಸಿದ್ದು ಒಂದು ಎಳೆಯಷ್ಟು ರಟ್ಟು ಇರಬಹುದು. ಆದರೆ ಅದನ್ನು ಮುಚ್ಚಿಡಲು ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಯಿತು ಯೋಚಿಸಿ.

ಇದು ಅಮೆರಿಕದ ರೋಗ ಅಂತ ನಗಬೇಡಿ. 786 ನಂಬರಿನ ನೋಟು, ಹಳೇ ನಾಣ್ಯ ಅಂತ ನಮ್ಮಲ್ಲೂ ಲಕ್ಷ ಲಕ್ಷ ಬೆಲೆ ಹಾಕಿದ ಜಾಹೀರಾತು ನೋಡಿದ್ದೀರಿ. ಹಳೇ ನೋಟು, ನಾಣ್ಯದ ವ್ಯಾಪಾರಕ್ಕೆ ತನ್ನ ಹೆಸರು ಬಳಸಿ ಮೋಸ ಮಾಡ್ತಿದ್ದಾರೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಜನರನ್ನು ಎಚ್ಚರಿಸಬೇಕಾಯಿತು.

ಕೊಳ್ಳುವವನ ಪರೀಕ್ಷೆ

ಇಲ್ಲಿಯವರೆಗೆ ಎಲ್ಲರೂ ‘ಆಮೆನ್’ ಅಂದಿರಿ. ಮಾರುವಾಗ ಸುಳ್ಳು ಹೇಳಬಾರದು ಅನ್ನೋದರಲ್ಲಿ ಯಾರಿಗೂ ತಕರಾರಿಲ್ಲ. ಕಷ್ಟ ಇರೋದು ಇನ್ನೊಂದು ಕಡೆ. ಕೊಳ್ಳುವಾಗ ಸುಮ್ಮನಿರೋದು ತಪ್ಪಾ?

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಅಮೆರಿಕದ ಒಂದು ಊರಿನಲ್ಲಿ ವಯಸ್ಸಾದ ಒಬ್ಬ ತಾಯಿ ಮನೆ ಖಾಲಿ ಮಾಡ್ತಿದ್ದಾರೆ. ಮಗನ ಬಾಲ್ಯದ ಕಾರ್ಡುಗಳ ಒಂದು ಡಬ್ಬಿ ಅಂಗಳದಲ್ಲಿ ಮಾರಾಟಕ್ಕಿಟ್ಟಿದ್ದಾರೆ. ‘ಪೂರ್ತಿ ಡಬ್ಬಿಗೆ ಹತ್ತು ಡಾಲರ್.’ ನೀನು ತೆಗೆದು ನೋಡ್ತೀಯ, ಮಧ್ಯದಲ್ಲಿ ಹೆಸರಿಲ್ಲದ ಫ್ರಾಂಕ್ ಥಾಮಸ್! ಎದೆ ಢವಢವ. ಈಗ ಏನು ಮಾಡ್ತೀಯ?

ಸುಮ್ಮನೆ ಹತ್ತು ಡಾಲರ್ ಕೊಡ್ತೀನಿ ಅನ್ನುವವನ ವಾದ ಹಗುರವಾದದ್ದಲ್ಲ. ‘ನಾನು ವರ್ಷಗಟ್ಟಲೆ ಓದಿ ಕಲಿತಿದ್ದೀನಿ, ನೂರು ಡಬ್ಬಿ ಹುಡುಕಿ ಬರಿಗೈಲಿ ಬಂದಿದ್ದೀನಿ, ನನ್ನ ಜ್ಞಾನವೂ ದುಡಿಮೆಯೇ. ಅವರು ಕೇಳಿದ ಬೆಲೆಯನ್ನೇ ಕೊಟ್ಟೆ, ಸುಳ್ಳು ಹೇಳಲಿಲ್ಲ.’ ಬೈಬಲ್ ಓದಿದವನು ಇನ್ನೊಂದು ಸೇರಿಸ್ತಾನೆ: ‘ಹೊಲದಲ್ಲಿ ನಿಧಿ ಕಂಡವನು ಹೊಲದ ಯಜಮಾನನಿಗೆ ಹೇಳದೆ ಹೊಲ ಕೊಂಡನಲ್ಲ? ಯೇಸುಸ್ವಾಮಿಯೇ ಆ ಕಥೆ ಹೇಳಿದ್ದಲ್ವಾ?’

ಒಂದೊಂದಾಗಿ ನೋಡೋಣ. ಆ ಸಾಮ್ಯ ಪರಲೋಕರಾಜ್ಯಕ್ಕಾಗಿ ಎಲ್ಲವನ್ನೂ ಬಿಟ್ಟುಕೊಡುವ ಸಂತೋಷದ ಬಗ್ಗೆ ಇದೆ, ಜಮೀನು ವ್ಯವಹಾರದ ಪಾಠ ಅಲ್ಲ. ಅನ್ಯಾಯಗಾರನಾದ ಮನೆವಾರ್ತೆಯವನ ಕಥೆಯನ್ನೂ ಯೇಸು ಹೇಳಿದರು. ಅದನ್ನು ಓದಿ ನಾವು ಆಫೀಸಿನ ಲೆಕ್ಕ ತಿದ್ದಬಹುದಾ? ಅದೂ ಅಲ್ಲದೆ, ಹೊಲ ಕೊಂಡವನು ತನಗಿದ್ದದ್ದನ್ನೆಲ್ಲ ಮಾರಿ ಕೊಂಡ. ನೀನು ಹತ್ತು ಡಾಲರ್ ಕೊಟ್ಟು ಅವನ ಪಕ್ಕ ನಿಲ್ಲೋದು ಹೇಗೆ?

ಜ್ಞಾನ ದುಡಿಮೆ ಅನ್ನೋದು ನಿಜ. ದುಡಿದವನಿಗೆ ಕೂಲಿ ಸಿಗಬೇಕು, ಅದೂ ನಿಜ. ಆದರೆ ಕೂಲಿ ಅಂದ್ರೆ ಒಂದು ಪಾಲು. ಡಬ್ಬಿ ಆ ತಾಯಿಯದ್ದು, ಕಣ್ಣು ನಿನ್ನದು. ನಿನ್ನ ಕಣ್ಣಿಗೆ ಕೂಲಿ ಕೇಳು. ಡಬ್ಬಿಯ ಬೆಲೆಯನ್ನೂ ನೀನೇ ಇಟ್ಟುಕೊಂಡರೆ ಅದನ್ನು ಕೂಲಿ ಅಂತ ಕರೆಯೋಕಾಗಲ್ಲ.

ಈ ವಿಷಯ ಕೋರ್ಟಿಗೂ ಹೋಗಿದೆ. 1990ರಲ್ಲಿ ಇಲಿನಾಯ್ ರಾಜ್ಯದ ಒಂದು ಕಾರ್ಡ್ ಅಂಗಡಿಯಲ್ಲಿ ನೋಲನ್ ರಯಾನ್ 1968ರ ಮೊದಲ ಕಾರ್ಡು ಇತ್ತು. ಬೆಲೆ 1200 ಡಾಲರ್. ಅವತ್ತು ಕೌಂಟರಿನಲ್ಲಿ ಕೂತಿದ್ದವರು ಕಾರ್ಡಿನ ವ್ಯಾಪಾರ ಗೊತ್ತಿಲ್ಲದವರು. ಚೀಟಿಯನ್ನು 12 ಡಾಲರ್ ಅಂತ ಓದಿದರು. ಸಾವಿರಾರು ಕಾರ್ಡು ಕೂಡಿಟ್ಟಿದ್ದ 12 ವರ್ಷದ ಒಬ್ಬ ಹುಡುಗ 12 ಡಾಲರ್ ಕೊಟ್ಟು ತಗೊಂಡು ಹೋದ. ಅಂಗಡಿಯವನು ದಾವೆ ಹಾಕಿದ. ದೇಶವೆಲ್ಲ ಮಾತಾಡಿತು. ಕೇಳಿದ ಬೆಲೆ ಕೊಟ್ಟಿದ್ದಾನೆ, ಅವನದ್ದೇ ಅಂದರು ಕೆಲವರು. ಕಣ್ತಪ್ಪಿನಿಂದ ಆದ ಮಾರಾಟ ಮಾರಾಟವೇ ಅಲ್ಲ ಅಂದರು ಇನ್ನು ಕೆಲವರು. ಕೊನೆಗೆ 1991ರಲ್ಲಿ ತೀರ್ಪು ಬರುವ ಮೊದಲೇ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಕಾರ್ಡನ್ನು ಹರಾಜು ಹಾಕಿ ಹಣವನ್ನು ದಾನಕ್ಕೆ ಕೊಡೋಣ ಅಂದರು. ಜಗಳದಿಂದ ಹೆಸರಾದ ಆ ಕಾರ್ಡು 5000 ಡಾಲರ್‌ಗೆ ಹೋಯಿತು.

ಆ ಹುಡುಗನಿಗೆ ನಾನು ಕಲ್ಲು ಹೊಡೆಯಲ್ಲ, ಚಿಕ್ಕವನು. ಆದರೆ ಒಂದು ಮಾತು ಗಮನಿಸಿ. ಕಾರ್ಡು ಯಾರದ್ದು ಅಂತ ಕಾನೂನು ಹೇಳಬಹುದು. ನಾಳೆ ಅದೇ ಅಂಗಡಿಯವನ ಮುಖ ನೋಡಿ ನಾನು ಮಾತಾಡಬಹುದಾ ಅನ್ನೋದಕ್ಕೆ ಕಾನೂನು ಉತ್ತರ ಕೊಡಲ್ಲ.

ಮೂರು ಜನ, ಮೂರು ಸಂದರ್ಭ

ಹಾಗಂತ ಎಲ್ಲಾ ಸಂದರ್ಭ ಒಂದೇ ಅಲ್ಲ. ಮೂರು ಬೇರೆ ಮಾಡೋಣ.

ಮೊದಲನೆಯವನು ವ್ಯಾಪಾರಿ. ಅವನು ಅದಕ್ಕೇ ಅಂಗಡಿ ಹಾಕಿ ಕೂತಿದ್ದಾನೆ. ಬೆಲೆ ತಿಳಿದುಕೊಳ್ಳೋದು ಅವನ ಕಸುಬು. ಅವನೇ ಆಲೋಚಿಸಿ ಬೆಲೆ ಇಟ್ಟ ಕಾರ್ಡಿನಲ್ಲಿ ಅವನಿಗೆ ಕಾಣದ ವ್ಯತ್ಯಾಸ ನಿನಗೆ ಕಂಡರೆ, ಕೇಳಿದ ಬೆಲೆ ಕೊಟ್ಟು ತಗೊಳ್ಳೋದನ್ನು ನಾನು ಪಾಪ ಅನ್ನಲ್ಲ. ಇಬ್ಬರೂ ಆ ಆಟದ ನಿಯಮ ಒಪ್ಪಿ ಕೂತಿದ್ದೀರಿ. ಆದರೆ ಅವನು ಕಣ್ತಪ್ಪಿ ಒಂದು ಸೊನ್ನೆ ಬಿಟ್ಟಿದ್ದರೆ ಅದು ಬೇರೆ. ಅದನ್ನು ಹೇಳಬೇಕು.

ಎರಡನೆಯವರು ಆ ತಾಯಿಯ ಹಾಗೆ ಏನೂ ತಿಳಿಯದವರು. ಅವರು ಆಟಕ್ಕೆ ಇಳಿದೇ ಇಲ್ಲ. ನಿಯಮವೇ ಗೊತ್ತಿಲ್ಲದವರ ಮೇಲೆ ಗೆಲ್ಲೋದು ಎಂಥ ಗೆಲುವು? ಇಲ್ಲಿ ನನ್ನ ಮಾತು ನೇರ: ಹೇಳಿಬಿಡು. ‘ಅಮ್ಮಾ, ಇದರಲ್ಲಿ ಒಂದು ಕಾರ್ಡಿಗೆ ತುಂಬಾ ಬೆಲೆ ಇದೆ. ನಾನು ಇದನ್ನು ಪರೀಕ್ಷೆ ಮಾಡಿಸಿ ಮಾರಿಸಿಕೊಡ್ತೀನಿ, ನನಗೆ ಇಷ್ಟು ಪಾಲು ಕೊಡಿ.’ ಹರಾಜು ಸಂಸ್ಥೆಗಳು ಕಮಿಷನ್ ಇಟ್ಟುಕೊಂಡು ಮಾಡೋದೂ ಇದೇ ಕೆಲಸ. ಅಥವಾ ‘ನಾನು ಈಗಲೇ ಕೊಳ್ತೀನಿ, ಆದರೆ ಮಾರುಕಟ್ಟೆ ಬೆಲೆಗಿಂತ ಕಡಿಮೆ ಕೊಡ್ತೀನಿ, ಯಾಕಂದ್ರೆ ನನಗೂ ಖರ್ಚು ಇದೆ, ಬೆಲೆ ಬೀಳುವ ಅಪಾಯ ಇದೆ’ ಅಂತ ಬಾಯಿ ಬಿಟ್ಟು ಹೇಳು. ಲಾಭ ಪಾಪ ಅಲ್ಲ. ಎದುರಿನವರಿಗೆ ಗೊತ್ತಿದ್ದು, ಅವರು ಒಪ್ಪಿ ಕೊಟ್ಟ ಲಾಭದಲ್ಲಿ ನೆಮ್ಮದಿಯಿಂದ ಊಟ ಮಾಡಬಹುದು.

ಮೂರನೆಯವರು ನಿನ್ನನ್ನೇ ಕೇಳುವವರು. ‘ನೀನು ತಿಳಿದವನು, ಇದಕ್ಕೆ ಎಷ್ಟು ಬರಬಹುದು ಹೇಳಪ್ಪ.’ ಈ ಮಾತು ಕಿವಿಗೆ ಬಿದ್ದ ಕ್ಷಣದಿಂದ ನೀನು ಬರೀ ಗಿರಾಕಿ ಅಲ್ಲ, ಸಾಕ್ಷಿ. ಅಲ್ಲಿ ‘ಅಯ್ಯೋ, ಇದೆಲ್ಲ ಏನೂ ಬರಲ್ಲ, ನಾನು ಸುಮ್ಮನೆ ತಗೊಳ್ತೀನಿ’ ಅಂದರೆ ಅದು ಸುಳ್ಳು ಸಾಕ್ಷಿ. ಜ್ಞಾನೋಕ್ತಿಗಳಲ್ಲಿ ಇಂಥ ಒಬ್ಬ ಗಿರಾಕಿ ಬರ್ತಾನೆ. ಕೊಳ್ಳುವ ತನಕ ಸರಕನ್ನು ಹೀಗಳೀತಾನೆ, ಕೊಂಡ ಮೇಲೆ ಊರಲ್ಲಿ ಜಂಬ ಕೊಚ್ಚಿಕೊಳ್ತಾನೆ. ಮೂರು ಸಾವಿರ ವರ್ಷ ಆದರೂ ಅವನು ಸತ್ತಿಲ್ಲ. ಈಗ ಅವನ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅಷ್ಟೇ.

ಧರ್ಮೋಪದೇಶಕಾಂಡದಲ್ಲಿ ಚೀಲದೊಳಗೆ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಅನ್ನೋ ಆಜ್ಞೆ ಇದೆ. ದೊಡ್ಡ ಕಲ್ಲು ಕೊಳ್ಳುವಾಗ, ಚಿಕ್ಕ ಕಲ್ಲು ಮಾರುವಾಗ. ಇವತ್ತು ನಮ್ಮ ಚೀಲದಲ್ಲಿ ಕಲ್ಲಿಲ್ಲ, ನಾಲಿಗೆ ಇದೆ. ಕೊಳ್ಳುವಾಗ ‘ಇದೇನು ಮಹಾ, ಹಳೇ ಮಾಲು’. ಅದೇ ವಸ್ತುವನ್ನು ಮಾರುವಾಗ ‘ಇಂಥದ್ದು ಸಿಗೋದೇ ಇಲ್ಲ ಬ್ರೋ’. ಒಂದೇ ವಸ್ತು, ಒಂದೇ ವಾರ, ಎರಡು ಮಾತು. ಅದಕ್ಕೆ ನಿಮಗೊಂದು ಅಳತೆ ಕೊಡ್ತೀನಿ. ಮಾರುವಾಗ ಏನು ಬರೀತೀಯೋ, ಅದನ್ನು ಕೊಳ್ಳುವಾಗ ಎದುರಿನವರ ಮುಂದೆ ಓದೋಕೆ ಆಗುತ್ತಾ? ಆಗುತ್ತೆ ಅಂದ್ರೆ ನಿನ್ನ ಚೀಲದಲ್ಲಿ ಒಂದೇ ಕಲ್ಲು ಇದೆ.

ಇದಕ್ಕೆ ಬೆಲೆ ತೆರಬೇಕು

ನಾನು ನಿಮಗೆ ಸುಳ್ಳು ಭರವಸೆ ಕೊಡಲ್ಲ. ನಿಜ ಹೇಳಿದರೆ ದೇವರು ಅದರ ಹತ್ತರಷ್ಟು ಕೊಡ್ತಾರೆ, ಮುಂದಿನ ಡಬ್ಬಿಯಲ್ಲಿ ಇನ್ನೂ ದೊಡ್ಡ ಕಾರ್ಡು ಸಿಗುತ್ತೆ ಅಂತ ಹೇಳೋದಕ್ಕೆ ನನಗೆ ಅಧಿಕಾರ ಇಲ್ಲ. ನೀನು ನಿಜ ಹೇಳಿದ ಮೇಲೆ ಆ ತಾಯಿ ಕಾರ್ಡನ್ನು ನಿನ್ನ ಕೈಯಿಂದ ತಗೊಂಡು ಬೇರೆ ವ್ಯಾಪಾರಿ ಹತ್ತಿರ ಹೋಗಬಹುದು. ನಿನಗೆ ಒಂದು ರೂಪಾಯಿಯೂ ಸಿಗದೆ ಇರಬಹುದು. ಗೆಳೆಯರು ‘ಹುಚ್ಚನಾ ನೀನು’ ಅನ್ನಬಹುದು. ಹೌದು, ನಷ್ಟ ಆಗುತ್ತೆ. ನಷ್ಟವೇ ಆಗದ ಪ್ರಾಮಾಣಿಕತೆಯನ್ನು ಯಾರು ಬೇಕಾದರೂ ಇಟ್ಟುಕೊಳ್ತಾರೆ.

ಇಷ್ಟೊತ್ತು ಕೇಳಿದ ಮೇಲೆ ‘ಕೊನೆಗೆ ಪಾಸ್ಟರ್ ಹೇಳ್ತಾರೆ, ನೀನೂ ಒಂದು ಅಪರೂಪದ ಎರರ್ ಕಾರ್ಡು ಅಂತ’ ಎಂದು ಕೆಲವರು ಕಾಯ್ತಿರಬಹುದು. ಹೇಳಲ್ಲ. ಕಾರಣ ಇದೆ. ಕಾರ್ಡಿಗೆ ಬೆಲೆ ಬರೋದು ಅಂಥದ್ದು ಕಡಿಮೆ ಇರೋದರಿಂದ. ನಾಳೆ ಎಲ್ಲೋ ಒಂದು ಗೋದಾಮಿನಲ್ಲಿ ಹೆಸರಿಲ್ಲದ ಕಾರ್ಡು ಹತ್ತು ಸಾವಿರ ಸಿಕ್ಕರೆ ಬೆಲೆ ಕುಸಿಯುತ್ತೆ. ಮನುಷ್ಯರ ಬೆಲೆ ಹಾಗಲ್ಲ. ಆ ತಾಯಿಯಂಥವರು ಪ್ರತಿ ಊರಲ್ಲೂ ಇದ್ದಾರೆ, ಪ್ರತಿ ಬೀದಿಯಲ್ಲೂ ಇದ್ದಾರೆ, ಲೆಕ್ಕವಿಲ್ಲದಷ್ಟು ಜನ. ಎಷ್ಟು ಜನ ಇದ್ದರೂ ಒಬ್ಬೊಬ್ಬರೂ ದೇವರ ಸ್ವರೂಪದಲ್ಲಿ ಉಂಟಾದವರು. ಅಂಗಳದಲ್ಲಿ ಡಬ್ಬಿ ಇಟ್ಟುಕೊಂಡು ಕೂತವರ ಬೆಲೆ ಡಬ್ಬಿಯೊಳಗಿನ ಕಾರ್ಡಿಗಿಂತ ಹೆಚ್ಚು ಅಂತ ಆ ಗಳಿಗೆಯಲ್ಲಿ ನಿನಗೆ ಕಾಣಬೇಕು. ಅಪರೂಪದ ಕಾರ್ಡು ಗುರುತಿಸುವ ಕಣ್ಣಿಗೆ ಎದುರಿಗಿರುವ ಮನುಷ್ಯರು ಕಾಣದೆ ಹೋದರೆ ಆ ಕಣ್ಣಿನಿಂದ ಏನು ಪ್ರಯೋಜನ?

ಈ ವಾರ ಒಂದು ಕೆಲಸ ಮಾಡಿ. ನೀವು ಮಾರಾಟಕ್ಕೆ ಹಾಕಿರುವ ವಸ್ತು ಏನಾದರೂ ಇದ್ದರೆ ಅದರ ವಿವರ ಇನ್ನೊಮ್ಮೆ ಓದಿ. ಗೀರು ಇದ್ದರೆ ಬರೆಯಿರಿ, ರಿಪೇರಿ ಆಗಿದ್ದರೆ ಬರೆಯಿರಿ, ಎಲ್ಲಿಂದ ಬಂತು ಅಂತ ಬರೆಯಿರಿ. ಏನಾದರೂ ಕೊಳ್ಳುವುದಿದ್ದರೆ ಒಳ್ಳೆ ವಸ್ತುವನ್ನು ಹೀಗಳೆಯದೆ ಚೌಕಾಸಿ ಮಾಡಿ ನೋಡಿ. ಚೌಕಾಸಿ ಮಾಡೋದಕ್ಕೆ ಸುಳ್ಳು ಬೇಕಾಗಿಲ್ಲ, ‘ನನ್ನ ಹತ್ತಿರ ಇಷ್ಟೇ ಇದೆ’ ಅಂದರೆ ಸಾಕು.

ಕರ್ತನು ನಮ್ಮ ಚೀಲದಲ್ಲಿ ಒಂದೇ ಕಲ್ಲು, ನಮ್ಮ ಬಾಯಲ್ಲಿ ಒಂದೇ ಮಾತು ಇರುವಂತೆ ಸಹಾಯ ಮಾಡಲಿ. ಆಮೆನ್.